ಮೊಮ್ಮಗಳ ಬೆರಳು ನೀಲಿಯಾದ ಬೆಳಿಗ್ಗೆ

ಹಸುವಿನ ಕೆಚ್ಚಲು ತೊಳೆಯಲು ತಣ್ಣೀರಿಗೆ ಕೈ ಹಾಕಿದ ಮೊಮ್ಮಗಳು ಸವಿತಾಳ ಬೆರಳುಗಳು ನನ್ನ ಕಣ್ಣೆದುರೇ ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಗೆ ತಿರುಗಿದವು. ಕೀಲುನೋವು, ಕೆನ್ನೆಯ ಕೆಂಪು ಮೊದಲೇ ಇದ್ದವು.

"ಗಾಳಿ ಸೋಕೈತೆ ಅತ್ತೆ, ತಾಯತ ಕಟ್ಸೋಣ. ಆಸ್ಪತ್ರೆ ಅಂತ ಗೊತ್ತಾದ್ರೆ ಮಾತಾಡಿರೋ ಗಂಡು ಕೈತಪ್ಪೋಯ್ತದೆ," ಎಂದಳು ಸೊಸೆ.

"ಗಂಡು ಇನ್ನೊಬ್ಬ ಸಿಕ್ತಾನೆ ಕಣೇ. ಇವ್ಳು ಸಿಗ್ತಾಳಾ?" ಎಂದವಳೇ ಮೊಮ್ಮಗಳನ್ನು ಕರೆದುಕೊಂಡು ದೇವನಹಳ್ಳಿಯ ಬಸ್ಸು ಹತ್ತಿದೆ.

ಡಾಕ್ಟರು ರಕ್ತದಲ್ಲಿ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ, ಲೂಪಸ್ ಎಂದರು. ರೋಗವನ್ನು ಹೊಡೆಯಬೇಕಾದ ರಕ್ತದ ಶಕ್ತಿ ಅವಳ ಮೈಯನ್ನೇ ಹೊಡೆಯುತ್ತಿದೆಯಂತೆ. ಈ ಕಾಯಿಲೆ ಕಿಡ್ನಿಯನ್ನೂ ಕೆಡಿಸುತ್ತದೆ, ಅದಕ್ಕೆ ಮುಂಚೆಯೇ ಬಂದಿರಿ ಎಂದರು.

ಈಗ ಮಾತ್ರೆ ನಡೆಯುತ್ತಿದೆ. ಕಾಯಿಲೆಯ ವಿಷಯವನ್ನು ಗಂಡಿನ ಮನೆಯವರಿಗೆ ನಾನೇ ಹೇಳಿದೆ. ಅವರು ಮತ್ತೆ ಬರಲಿಲ್ಲ. ಮುಂದೆ ಹೆಣ್ಣು ನೋಡಲು ಬರುವವರಿಗೆ ಕಾಫಿ ಕೊಡುವ ಮೊದಲೇ ಹೇಳುತ್ತೇನೆ.