ಸೋ ಅನ್ನಿ, ನಗಬೇಡಿ

ನಮ್ಮ ಎದುರುಮನೆ ದೊಡ್ಡವ್ವ ಹಾಡುವಾಗ ಅವಳ ಮುಖದಲ್ಲಿ ಅಲ್ಲಾಡುತ್ತಿದ್ದದ್ದು ಮೂಗುಬೊಟ್ಟು ಒಂದೇ. ಹುಬ್ಬು ಏಳುತ್ತಿರಲಿಲ್ಲ, ಕೆನ್ನೆ ಕದಲುತ್ತಿರಲಿಲ್ಲ, ಕಣ್ಣು ಎದುರಿನ ಗೋಡೆ ಬಿಟ್ಟು ಸರಿಯುತ್ತಿರಲಿಲ್ಲ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಮುಖ ಇರುತ್ತದಲ್ಲ, ಅದೇ. ಆ ಮುಖ ಇಟ್ಟುಕೊಂಡು ಮದುವೆಮನೆಯಲ್ಲಿ ಬೀಗರ ಮಾನ ಕಳೆಯುತ್ತಿದ್ದಳು.

ಕೆರಗೋಡಿನ ಸುತ್ತ ಎಲ್ಲಿ ಮದುವೆಯಾದರೂ ಸೋಬಾನೆಗೆ ಅವಳೇ ಬೇಕು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಬ್ಬರು ಒಂದು ಸಾಲು ಹಾಡಬೇಕು, ಸುತ್ತ ಕೂತ ಹೆಂಗಸರೆಲ್ಲ 'ಸೋ' ಎಂದು ಎಳೆಯಬೇಕು, ಆಮೇಲೆ ಮುಂದಿನ ಸಾಲು. ಸೋ ಬರದಿದ್ದರೆ ಹಾಡು ಅಲ್ಲೇ ನಿಲ್ಲುತ್ತದೆ. ದೊಡ್ಡವ್ವ ದೇವರ ಪದ ಹೇಳುತ್ತ ಹೇಳುತ್ತ, ಅದೇ ಧಾಟಿಯಲ್ಲಿ, ಅದೇ ಭಕ್ತಿಯಲ್ಲಿ, ಗಂಡಿನ ಸೋದರಮಾವ ಎರಡನೇ ಸಲ ಊಟದ ಪಂಕ್ತಿಗೆ ಕೂತದ್ದನ್ನೂ ಸೇರಿಸಿಬಿಡುತ್ತಿದ್ದಳು. ಬೀಗರಿಗೆ ಅರ್ಥವಾಗುವಷ್ಟರಲ್ಲಿ ವಾಪಸು ದೇವರ ಹತ್ತಿರ ಹೋಗಿರುತ್ತಿದ್ದಳು. ನಾವು ಸೆರಗು ಬಾಯಿಗೆ ತುರುಕಿಕೊಂಡು ಸೋ ಅನ್ನುತ್ತಿದ್ದೆವು.

ನನಗೂ ಅವಳಿಗೂ ಗಂಟುಬಿದ್ದದ್ದು ಮಾತ್ರ ಟೀವಿಯಿಂದ. ಸಾಯಂಕಾಲ ಏಳಕ್ಕೆ ಒಂದು ಕಾಮಿಡಿ ಸೀರಿಯಲ್ ಬರುತ್ತಿತ್ತು, ಯಾವುದೋ ಆಫೀಸಿನ ಕತೆ. ಅದರಲ್ಲೊಬ್ಬ ಗುಮಾಸ್ತ, ಏನಾದರೂ ಎಡವಟ್ಟಾದರೆ ಸಾಕು, ಎದ್ದು ಕೈಕಟ್ಟಿ ನಿಂತು, ಸಂಗೀತ ಕಚೇರಿಯ ವಿದ್ವಾಂಸರ ಹಾಗೆ ಹಾಡುತ್ತಾನೆ. ಕಳೆದುಹೋದ ಟಿಫಿನ್ ಕ್ಯಾರಿಯರ್ ಮೇಲೆ ಹಾಡು, ಬಾಗಿಲು ಮುಚ್ಚದ ಬೀರುವಿನ ಮೇಲೆ ಹಾಡು. ಸುತ್ತ ಇದ್ದವರು ತಲೆ ಎತ್ತದೆ ಫೈಲಿಗೆ ಸಹಿ ಹಾಕುತ್ತಲೇ ಇರುತ್ತಾರೆ. ನನಗಂತೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ನನ್ನ ಗಂಡ ಇದರಲ್ಲಿ ನಗುವಂಥದ್ದು ಏನಿದೆ ಎಂದು ರಿಮೋಟು ಹುಡುಕುತ್ತಿದ್ದರು. ಅದಕ್ಕೇ ನಾನು ಎದುರುಮನೆಗೆ ಹೋಗುತ್ತಿದ್ದದ್ದು.

ದೊಡ್ಡವ್ವ ಪರೀಕ್ಷೆ ಪೇಪರ್ ತಿದ್ದುವವಳ ಹಾಗೆ ನೋಡುತ್ತಿದ್ದಳು. ಒಂದು ದಿನ ಗುಮಾಸ್ತ ಹಾಡಿನ ನಡುವೆ ತುಟಿ ಬಿಗಿಹಿಡಿದು ನಗು ನುಂಗಿದ. ಇವಳಿಗೆ ಕಂಡುಬಿಟ್ಟಿತು.

"ಕೆಟ್ಟೋದ ನೋಡು," ಅಂದಳು. "ಆಡೋನೇ ನಕ್ಬುಟ್ರೆ ಕೇಳೋರ್ಗೆ ಏನ್ ಉಳೀತು? ನಗೋದು ಅವ್ರ ಪಾಲು ಕಣೆ. ನಾವದುಕ್ಕೆ ಕೈಯಿಕ್ಬಾರ್ದು."

ಸೀರಿಯಲ್ಲಿನಲ್ಲಿ ಜನ ನಗುವ ಸದ್ದು ಕೇಳಿಸುತ್ತದಲ್ಲ, ಮುಖ ಕಾಣುವುದಿಲ್ಲ, ಅದು ಅವಳಿಗೆ ಆಗುತ್ತಿರಲಿಲ್ಲ. "ಅದ್ಯಾರೆ ವಳಗ್ ಕುಂತ್ಕಂಡು ನಗೋರು?" ಎಂದು ಕೇಳಿದಳು. ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ ಎಂದೆ. ಪಾಪ, ಅವರಿಗೆ ಸೋ ಅನ್ನುವವರು ಸಿಗಲಿಲ್ಲವೇನೋ ಅಂದಳು.

ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ನೀರು ಅನ್ನಲು ಹೊರಟು 'ನೂ, ನೂ' ಎಂದು ನಿಂತುಬಿಡುತ್ತಿದ್ದಳು. ಎಡಗೈಯಲ್ಲಿ ಮಂಚಕ್ಕೆ ಗುದ್ದುತ್ತಿದ್ದಳು. ಸೊಸೆ ಕಾಫಿ ತಂದರೆ ತಳ್ಳುವಳು, ಹೊದಿಸಿದರೆ ಕಿತ್ತೆಸೆಯುವಳು. ಕೊನೆಗೆ ಹಾಸಿಗೆ ಒದ್ದೆಯಾದ ಮೇಲೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಆಗ ಅವಳು ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಊರಿಗೆಲ್ಲ ಹಾಡಿದ ಹೆಂಗಸು, ಬಚ್ಚಲಿಗೆ ಹೋಗಬೇಕು ಎನ್ನಲಾರದೆ ಬಿದ್ದಿದ್ದಳು. ನಾವು ಮಂಚದ ಸುತ್ತ ನಿಂತಿರುತ್ತಿದ್ದೆವು. ನಿಂತುಕೊಳ್ಳುವುದು ಬಿಟ್ಟು ನಮ್ಮ ಕೈಲಿ ಏನೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಅಳುತ್ತ ಓಡಿಬಂದಳು. ಅತ್ತೆಗೆ ತಲೆ ಕೆಟ್ಟಿತು, ಹಾಡುತ್ತಿದ್ದಾರೆ ಎಂದಳು. ಹೋಗಿ ನೋಡಿದರೆ ನಿಜ. ಕಣ್ಣು ಗೋಡೆ ಮೇಲೆ, ಅದೇ ಮುಖ. ದನಿ ಒಡೆದಿತ್ತು, ಆದರೆ ಒಂದಕ್ಷರ ತೊದಲುತ್ತಿರಲಿಲ್ಲ.

"ಮೂಡ್ಲ ದಿಕ್ಕಿಗೆ ಕುಂತವ್ನೆ ಮದುವೆಯ ಗಂಡು..."

ಅಲ್ಲಿಗೆ ನಿಂತಳು. ಏನತ್ತೆ, ಏನು ಬೇಕು ಎಂದು ಸೊಸೆ ಕೇಳಿದಳು. ದೊಡ್ಡವ್ವ ಕಣ್ಣುಮುಚ್ಚಿ ತೆರೆದು, ಮತ್ತೆ ಮದುವೆಯ ಗಂಡಿನಿಂದಲೇ ಶುರುಮಾಡಿ, ಮತ್ತೆ ಅಲ್ಲೇ ನಿಂತಳು. ಡಾಕ್ಟರಿಗೆ ಫೋನ್ ಮಾಡಲೇ ಎಂದು ಮಗ ಮೊಬೈಲ್ ತೆಗೆದ. ಆಗ ಅವಳು ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಮದುವೆಮನೆಯಲ್ಲಿ ನಾವು ಹರಟೆಗೆ ಬಿದ್ದು ಮೈಮರೆತಾಗ ಹಾಗೇ ನೋಡುತ್ತಿದ್ದಳು. ನನ್ನ ಬಾಯಿಂದ ತಾನಾಗೇ ಬಂತು.

"ಸೋ..."

ತಕ್ಷಣ ಎರಡನೇ ಸಾಲು ಬಂತು. ಅದೇ ಧಾಟಿ, ಅದೇ ಭಕ್ತಿ.

"ಸೊಂಟದ್ ಕೆಳ್ಗೆ ಸಾಲಾಗಿ ಇರುವೆ ಕಚ್ತಾವೆ..."

ಅವಳನ್ನು ಎತ್ತಿ ನೋಡಿದರೆ ಹಾಸಿಗೆ ತುಂಬ ಕೆಂಜಿರುವೆ.

ಮಾತಿನ ದಾರಿ ಬೇರೆ, ಹಾಡಿನ ದಾರಿ ಬೇರೆ, ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಅವರಿಗೇನು, ಹೇಳಿ ಹೋದರು. ನಮ್ಮ ಪಾಡು ನೋಡಿ. ನೀರು ಬೇಕಾದರೂ ಮದುವೆಯ ಗಂಡು ಮೊದಲು ಮೂಡಲಿಗೆ ಕೂರಬೇಕು. ನಾವು ಸೋ ಅನ್ನಬೇಕು. ಅನ್ನುವಾಗ ಯಾರಾದರೂ ಕಿಸಕ್ಕೆಂದರೆ ಅವಳಿಗೆ ಎಳೆ ತಪ್ಪುತ್ತಿತ್ತು. ತಪ್ಪಿದರೆ ಮತ್ತೆ ಮದುವೆಯ ಗಂಡಿನಿಂದ. ಅವಳಿಗೆ ಇರುವುದು ಬಚ್ಚಲಿನ ಅವಸರ. ನಮ್ಮ ಒಂದು ನಗುವಿಗೆ ಅವಳ ಸೀರೆ ಒದ್ದೆಯಾಗುತ್ತಿತ್ತು. ಹಾಗಾಗಿ ನಾವೆಲ್ಲ ಹಲ್ಲು ಕಚ್ಚಿ ಮುಖ ಬಿಗಿಹಿಡಿಯುವುದನ್ನು ಕಲಿತೆವು. ಸೀರಿಯಲ್ಲಿನಲ್ಲಿ ತಲೆ ಎತ್ತದೆ ಸಹಿ ಹಾಕುವವರ ಕಷ್ಟ ಏನೆಂದು ನನಗೆ ಗೊತ್ತಾದದ್ದು ಆವಾಗ.

ಮಳವಳ್ಳಿಯಿಂದ ಅವಳ ಮಗಳ ಅತ್ತೆ ನೋಡಲು ಬಂದರು. ಮಗಳ ಮದುವೆಯಲ್ಲಿ ದೊಡ್ಡವ್ವನ ಬಾಯಿಗೆ ಚೆನ್ನಾಗಿ ಸಿಕ್ಕಿದ್ದ ಬೀಗಿತ್ತಿ ಅವರೇ. ಮಂಚದ ಪಕ್ಕ ಕೂತು, ಹೆಂಗಿದ್ದೋರು ಹೆಂಗಾಗ್ಬುಟ್ರಿ ಎಂದು ಒಂದೇ ಸಮನೆ ಅತ್ತರು. ದೊಡ್ಡವ್ವ ಗೋಡೆ ನೋಡಿದಳು. ಗಂಡು ಮೂಡಲಿಗೆ ಕೂತ. ಸೊಸೆ ಸೋ ಅಂದಳು.

"ಅಳಾಕ್ ಬಂದೋರ್ಗೆ ಕಾಪಿ ಕುಡ್ಸಿ ಬಸ್ಸತ್ಸಿ..."

ಸೊಸೆ ಬಿಗಿದ ಮುಖದಲ್ಲೇ ಇನ್ನೊಂದು ಸೋ ಎಳೆದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಸೆರಗು ಬಾಯಿಗೆ ತುರುಕಿಕೊಂಡು ಗ್ಯಾಸಿನ ಕಟ್ಟೆ ಹಿಡಿದು ಅಲುಗುತ್ತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ನನಗೂ ಹಾಗೇ ಆಗಿತ್ತು. "ಅಕ್ಕ, ಅತ್ತೆ ಬೇಕೂಂತ ಮಾಡ್ತರಾ, ನಿಜ್ವಾಗ್ಲೂ ಬೇಜಾರಾಗಿ ಯೋಳ್ತರಾ?" ಎಂದು ಕೇಳಿದಳು. ಆಮೇಲೊಂದು ದಿನ ದೊಡ್ಡವ್ವನನ್ನೇ ಕೇಳಿದೆ, ನಮ್ಮನ್ನು ನಗಿಸುವುದಕ್ಕೆ ಹಾಡುತ್ತೀಯಾ ಎಂದು. ಮುಖದಲ್ಲಿ ಏನೂ ಕದಲಲಿಲ್ಲ.

ಕೊನೆಯ ಸಂಜೆ ಟೀವಿ ಹಾಕಿತ್ತು. ಗುಮಾಸ್ತ ನಲ್ಲಿಯಲ್ಲಿ ನೀರು ಬರದಿದ್ದದ್ದಕ್ಕೆ ಹಾಡುತ್ತಿದ್ದ, ಮುಖ ಈಗ ಪರವಾಗಿಲ್ಲ ಎನ್ನುವಂತಿತ್ತು. ನಾನು, ಸೊಸೆ, ಮಗ ಮಂಚದ ಸುತ್ತ ಕೂತಿದ್ದೆವು. ಹಾಡು ಮುಗಿಯುತ್ತಿದ್ದಂತೆ ಒಳಗಿನವರು ನಕ್ಕರು. ದೊಡ್ಡವ್ವ ಶುರುಮಾಡಿದಳು. ಆ ಸಲ ಮದುವೆಯ ಗಂಡು ಬರಲಿಲ್ಲ.

"ವಳಗ್ ಕುಂತ್ ನಗೋರ್ನ ಈಚೆಗೆ ಕರೀರವ್ವ..."

ಮೂವರೂ ನಗದೆ, ಎಳೆ ತಪ್ಪಿಸದೆ, ಒಟ್ಟಿಗೆ ಸೋ ಅಂದೆವು. ಮುಂದಿನ ಸಾಲಿಗೆ ಕಾದೆವು. ಬೀಗರ ಮೇಲೋ, ಬಚ್ಚಲ ಮೇಲೋ, ನನ್ನ ಮೇಲೋ ಎಂದು ಕಾದೆವು. ಒಳಗಿನವರು ಇನ್ನೊಂದು ಸಲ ನಕ್ಕರು. ಮಗ ಎದ್ದು ಟೀವಿ ಆರಿಸಿದ.

ಮೂಗುಬೊಟ್ಟು ಅಲ್ಲಾಡಲಿಲ್ಲ. ನಾವು ಮತ್ತೊಮ್ಮೆ ಸೋ ಅಂದೆವು.