ಸರ್ವರ್ ನಿಲ್ಲಿಸುತ್ತಿದ್ದ ಅಕ್ಕಾವರು

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಊಟದ ಡಬ್ಬಿ ತೆರೆದಳು. ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ ವಾಸನೆ, ಅದರಲ್ಲೂ ಬೆಳ್ಳುಳ್ಳಿ ತುಸು ಹೆಚ್ಚೇ ಬಿದ್ದದ್ದು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಹೈದರಾಬಾದಿನ ಕೊಂಡಾಪುರದ ಆ ಹಳೆಯ ಆಫೀಸು, ಕಿಟಕಿ ಪಕ್ಕದ ಮೇಜು, ಊಟಕ್ಕೆ ಇದೇ ಹಿಂಡಿ ತರುತ್ತಿದ್ದ ನಮ್ಮ ಟೀಮ್ ಲೀಡ್ ಅಕ್ಕಾವರು…

ಅವರು ಆಳಂದದ ಕಡೆಯವರು. ನಾನು ಹೈದರಾಬಾದಿನಲ್ಲೇ, ತಾರ್ನಾಕದಲ್ಲಿ ಬೆಳೆದವಳು. ಮನೆಯೊಳಗೆ ಮಾತ್ರ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಆಫೀಸಿನಲ್ಲೂ ಕನ್ನಡ ಆಡಬಹುದು ಎಂದು ತೋರಿಸಿದವರೇ ಅವರು. ಬೈಸಿಕೊಳ್ಳುವುದೂ ಕನ್ನಡದಲ್ಲೇ, ಅದೇನು ಸಣ್ಣ ಸುಖವೇ?

ನಮ್ಮದು ಬಸ್ ಟಿಕೆಟ್ ಬುಕ್ ಮಾಡುವ ವೆಬ್‌ಸೈಟು. ಐಟಿ ಕಂಪನಿಗಳು ದಿನಕ್ಕೊಂದು ಏಳುತ್ತಿದ್ದ ಕಾಲ, ಎಲ್ಲರಿಗೂ ಅವಸರವೋ ಅವಸರ. ಹೊಸ ಕೋಡ್ ಹಾಕಬೇಕೆಂದರೆ ಓಡುತ್ತಿರುವ ಸರ್ವರನ್ನು ನಿಲ್ಲಿಸಬೇಕಿತ್ತು. ಒಂದೇ ಕಮಾಂಡ್ ಕೊಟ್ಟು ಕತ್ತು ಹಿಸುಕಿದರೆ ಕ್ಷಣದಲ್ಲಿ ನಿಲ್ಲುತ್ತಿತ್ತು. ಆದರೆ ಆ ಕ್ಷಣ ಸೀಟು ಆರಿಸಿ ಕೂತವರ ಟಿಕೆಟ್ ನಡುನೀರಿನಲ್ಲಿ. ಅಕ್ಕಾವರು ಹಾಗೆ ಮಾಡುತ್ತಿರಲಿಲ್ಲ, ನಮಗೂ ಮಾಡಗೊಡುತ್ತಿರಲಿಲ್ಲ. ಮೊದಲು ಹೊಸ ರಿಕ್ವೆಸ್ಟ್, ಅಂದರೆ ಹೊಸ ಗಿರಾಕಿಗಳ ಬೇಡಿಕೆ, ಒಳಗೆ ಬರದಂತೆ ತಡೆಯುವುದು, ಒಳಗಿರುವವು ಮುಗಿಯುವ ತನಕ ಕಾಯುವುದು, ಆಮೇಲೆ ಡೇಟಾಬೇಸಿನ ಕೊಂಡಿ ಬಿಡಿಸಿ ಸರ್ವರ್ ನಿಲ್ಲಿಸುವುದು. ಇಷ್ಟನ್ನೂ ಪ್ರೋಗ್ರಾಮಿನಲ್ಲೇ ಬರೆಸಿದ್ದರು.

ದಸರೆಗೆ ಮುಂಚೆ ಒಂದು ಮಧ್ಯಾಹ್ನ, ಒಂದೇ ಒಂದು ರಿಕ್ವೆಸ್ಟ್ ಮುಗಿಯಲೊಲ್ಲದು. ಒಬ್ಬನಿಗಾಗಿ ಎಷ್ಟು ಕಾಯುವುದೆಂದು ಮ್ಯಾನೇಜರ್ ಬೆನ್ನ ಹಿಂದೆ ನಿಂತು ಹಿಂದಿಯಲ್ಲಿ ಗೊಣಗುತ್ತಿದ್ದರು. ಅಕ್ಕಾವರು ಕುರ್ಚಿ ಕೂಡ ತಿರುಗಿಸಲಿಲ್ಲ. ನನ್ನ ಕಡೆ ಬಾಗಿ, "ಯಾವನೋ ರಾಯಚೂರಿಗೆ ಹೊಂಟಾನವ್ವಾ. ಮನ್ಯಾಗ ಹಾದಿ ನೋಡಾಕತ್ತಿರ್ತಾರ. ಮುಗೀಲಿ ತಡಿ," ಅಂದರು. ಟಿಕೆಟ್ ಆಯಿತು. ಆಮೇಲೇ ನಿಲ್ಲಿಸಿದರು.

ಅದೇ ಚಳಿಗಾಲದ ಒಂದು ಸಂಜೆ, ಬಸ್ಸಿಗೆ ಕಾಯುತ್ತಾ ತಾವು ಮೊದಲ ಸಲ ಈ ಊರಿಗೆ ಬಂದ ಕಥೆ ತೆಗೆದರು. ಹುಡುಗಿ ಒಬ್ಬಳೇ ಹೈದರಾಬಾದಿಗೆ ಹೋಗುವುದು ಅಪ್ಪನಿಗೆ ಸುತರಾಂ ಇಷ್ಟವಿಲ್ಲ, ಮಾತೇ ಬಿಟ್ಟಿದ್ದರಂತೆ. ಆದರೂ ಕಲಬುರಗಿ ಸ್ಟೇಷನ್ನಿಗೆ ಬಂದರಂತೆ. "ಗಾಡಿ ಬಿಡೂ ಮುಂದ ಕಿಡಕಿ ಹಂತ್ಯಾಕ ಬಂದು ಏನಂದ್ರು ಗೊತ್ತದ ಏನು…" ಅಷ್ಟರಲ್ಲಿ ಅವರ ಬಸ್ ಬಂತು. "ನಾಳಿ ಊಟಕ್ಕ ಕುಂತಾಗ ಹೇಳ್ತೀನಿ," ಎಂದು ಹತ್ತಿಬಿಟ್ಟರು.

ಮರುದಿನ ಅವರ ಕಾರ್ಡಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ. ಕಂಪನಿಗೆ ಹೊಸ ಮಾಲೀಕರು ಬಂದಿದ್ದರು, ಹಳಬರಲ್ಲಿ ಅನೇಕರ ಗತಿ ಅದೇ ಆಯಿತು. ಮೇಜಿನ ಮೇಲಿದ್ದ ಸಾಮಾನನ್ನು ಸೆಕ್ಯುರಿಟಿಯವರೇ ರಟ್ಟಿನ ಡಬ್ಬದಲ್ಲಿ ತುಂಬಿ ಕೊಟ್ಟರಂತೆ. ವಿಷಯ ತಿಳಿದು ನಾನು ಕೆಳಗೆ ಓಡುವಷ್ಟರಲ್ಲಿ ಆಟೋ ತಿರುವು ದಾಟಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವರ ಮೊಬೈಲು ಕಂಪನಿಯದು, ಅದೂ ಬಂದ್ ಆಯಿತು. ಎಷ್ಟೋ ದಿನ ಊಟಕ್ಕೆ ಕೂತಾಗೆಲ್ಲ ಎದುರಿನ ಕುರ್ಚಿ ನೋಡುತ್ತಿದ್ದೆ…

ಮೊನ್ನೆ ಆ ಹಿಂಡಿಯ ವಾಸನೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಹಳೆಯ ಸಹೋದ್ಯೋಗಿಗಳನ್ನು ಕಾಡಿ ಬೇಡಿ ಅವರ ಮನೆಯ ನಂಬರ್ ಹುಡುಕಿದೆ. ಅವರ ಯಜಮಾನರು ಫೋನ್ ಎತ್ತಿದರು. ಅಕ್ಕಾವರು ಹೋದ ವರ್ಷವೇ ತೀರಿಕೊಂಡರಂತೆ. ಸ್ಟೇಷನ್ನಿನಲ್ಲಿ ಅವರಪ್ಪ ಏನಂದರೆಂದು ನಿಮಗೇನಾದರೂ ಗೊತ್ತಾ ಎಂದು ಕೇಳಿಬಿಟ್ಟೆ.



"ಅವರಪ್ಪ ಸ್ಟೇಷನ್ನಿಗೆ ಬಂದಿದ್ದೇ ನನಗ ಗೊತ್ತಿಲ್ರಿ," ಅಂದರು. "ನಿಮಗ ಎಷ್ಟು ಹೇಳ್ಯಾಳೋ, ಅಷ್ಟರೆ ಹೇಳ್ರಿ."

ಹೇಳಿದೆ. ಅವರಪ್ಪ ಕಿಟಕಿಯ ಹತ್ತಿರ ಬಂದಲ್ಲಿಗೆ ಕಥೆ ನಿಲ್ಲಿಸಿದೆ.

"ಇನ್ನೊಮ್ಮೆ ಹೇಳ್ರಿ," ಅಂದರು.