ಕುದುರೆ ಬಗ್ಗಲಿಲ್ಲ

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಎಲ್ಲರೂ ಬಗ್ಗಿ ನಡೆಯುತ್ತಿದ್ದರು. ಸಾಹುಕಾರರು, ಮಾಸ್ತರರು, ಮೊಸರು ಮಾರುವವಳು, ಕೊಡವನ್ನು ತಲೆಯಿಂದ ಕಂಕುಳಿಗೆ ಇಳಿಸಿಕೊಂಡು ನಮ್ಮ ಅವ್ವ ಕೂಡ. ಮುಪ್ಪಿಗಲ್ಲ, ಭಯಕ್ಕೂ ಅಲ್ಲ. ಓಣಿಯ ನಡುವೆ ಹಾಸು ಕಟ್ಟಿರುತ್ತಿತ್ತು, ಅದಕ್ಕೆ.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಸೀರೆ ನೇಯುವ ಮೊದಲು ಉದ್ದನೆಯ ಎಳೆಗಳನ್ನೆಲ್ಲ ಬಿಗಿದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ಬಾಚಿ, ಬಿಸಿಲಿಗೆ ಒಣಗಿಸಬೇಕು. ಆ ಎಳೆಗಳ ಚಾಪೆಯೇ ಹಾಸು. ಮನೆಯೊಳಗೆ ಅಷ್ಟು ಜಾಗ ಯಾರಿಗಿತ್ತು? ಆ ತುದಿಗೊಂದು ಗೂಟ, ಈ ತುದಿಗೊಂದು ಗೂಟ, ನಡುವೆ ಅಲ್ಲಲ್ಲಿ ಕತ್ತರಿಯಂತೆ ಕಟ್ಟಿದ ಕೋಲುಗಳ ಮೇಲೆ ಹಾಸು. ಅದನ್ನು ಯಾರೂ ದಾಟಬಾರದು, ಮುಟ್ಟಬಾರದು. ಅಡ್ಡ ಬಂದವರು ಕೆಳಗೆ ಬಗ್ಗಿ ಹೋಗಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಓಣಿಯ ನಾಯಿಗೂ ಗೊತ್ತಿತ್ತು.

ಅದು ಬೇಸಿಗೆಯ ಒಂದು ದಿನ. ಅಕ್ಕನನ್ನು ಕೇಳಿದರೆ ಚಳಿಗಾಲ ಅನ್ನುತ್ತಾಳೆ. ನನ್ನ ನೆನಪಿನಲ್ಲಿ ನೆಲ ಸುಡುತ್ತದೆ, ಅವಳ ನೆನಪಿನಲ್ಲಿ ಅವಳು ಅವ್ವನ ಸೆರಗು ಹೊದ್ದು ಕೂತಿದ್ದಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಸು ಹಸಿರಾಗಿತ್ತು ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ.

ಆವತ್ತು ಅಪ್ಪ ಒಂದು ಮಾತು ಕೊಟ್ಟಿದ್ದ: "ಹಾಸು ಒಣಗಿ ಸುತ್ತಿಟ್ಟ ಮ್ಯಾಲ ಎಲ್ಲಾರೂ ಹೊಳಿಗೆ ಹೋಗೂಣು. ಈಸಾಕ." ಕೃಷ್ಣಾ ಹೊಳೆ ಬಹಳ ದೂರವೇನೂ ಇರಲಿಲ್ಲ. ಆದರೆ ಮಗ್ಗದ ಗುಂಡಿಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕೂರುವ ಅಪ್ಪ ನಮ್ಮ ಜೊತೆ ನೀರಿಗಿಳಿಯುವುದೆಂದರೆ ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ. ಬೆಳಿಗ್ಗೆಯಿಂದ ಹತ್ತಾರು ಸಲ ಕೇಳಿದ್ದೆ, "ಒಣಗಿತೇನ?"

"ನೀ ಕೇಳಿದಂಗೆಲ್ಲಾ ಅದಕ್ಕ ನಾಚಿಕಿ ಬಂದು ಮತ್ತ ಬೆವರತೈತಿ," ಅಂದ ಅಪ್ಪ.

ಸುಮ್ಮನೆ ಕಾಯಲು ನಮ್ಮನ್ನು ಬಿಡುವವನೂ ಅಲ್ಲ ಅವನು. ಹಾಸಿನ ಕೆಳಗಿನ ನೆರಳನ್ನು ನಮಗೆ ರೈಲು ಮಾಡಿಕೊಟ್ಟಿದ್ದ. ನಾವ್ಯಾರೂ ರೈಲು ಕಂಡಿರಲಿಲ್ಲ. ಅಪ್ಪ ಒಮ್ಮೆ ಕುಡಚಿಯಲ್ಲಿ ನೋಡಿ ಬಂದಿದ್ದ. ಅವನು ಗಂಜಿಯ ಕುಂಚ ಎಳೆಯುತ್ತ "ಕೂ" ಎಂದರೆ ನಾವು ಓಣಿಯ ಮಕ್ಕಳೆಲ್ಲ ಒಬ್ಬರ ಅಂಗಿ ಒಬ್ಬರು ಹಿಡಿದು ಕುಕ್ಕರುಗಾಲಿನಲ್ಲಿ ಓಡಬೇಕು, ಇನ್ನೊಮ್ಮೆ "ಕೂ" ಎಂದರೆ ನಿಲ್ಲಬೇಕು. ತಲೆ ಎಳೆಗೆ ತಾಗಿದವರು ಇಳಿದುಹೋಗಬೇಕು. ಜೋಳದ ಗಂಜಿಯ ಹುಳಿ ವಾಸನೆ, ಕತ್ತಿನ ಮೇಲೆ ಆಗಾಗ ತಣ್ಣಗೆ ಬೀಳುವ ಹನಿ, ಎಲ್ಲರ ಮುಖದ ಮೇಲೂ ಹಸಿರು ಬೆಳಕು. ಕೋಳಿ ಬಂದರೆ ಓಡಿಸುವುದೂ ರೈಲಿನದೇ ಕೆಲಸ. ಆಟ ಆಡುತ್ತಿದ್ದೆವೋ ಹಾಸು ಕಾಯುತ್ತಿದ್ದೆವೋ ನನಗೆ ಇಂದಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಅಪ್ಪ ಅವೆರಡನ್ನೂ ಬೇರೆ ಮಾಡಿಟ್ಟವನಲ್ಲ.

ಆವತ್ತಿನ ಹಾಸು ತುಸು ಹೆಚ್ಚು ಉದ್ದ. ನಮ್ಮ ಓಣಿ ಮುಗಿದು, ಅಡ್ಡ ದಾರಿಯನ್ನೂ ದಾಟಿ, ಆಚೆಗೆ ಹೋಗಿತ್ತು. ಅಡ್ಡ ದಾರಿಯಲ್ಲಿ ಮದುವೆಯ ದಿಬ್ಬಣ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬಂದರೆ ಬಗ್ಗಿ ಹೋಗುತ್ತಾರೆ ಅಂದುಕೊಂಡಿದ್ದರು. ಕುದುರೆ ಬಗ್ಗುವುದಿಲ್ಲ ಎಂಬುದು ಅಷ್ಟು ಜನ ನೇಕಾರರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲು ಸನಾದಿ ಕೇಳಿಸಿತು, ಆಮೇಲೆ ಹಲಗೆ. ಆಮೇಲೆ ಬಂತು ಬಿಳಿ ಕುದುರೆ, ಮೇಲೆ ಬಾಸಿಂಗ ಕಟ್ಟಿಕೊಂಡ ತೇರದಾಳದ ಮದುಮಗ. ಹಾಸಿನ ಮುಂದೆ ಬಂದು ಕುದುರೆ ನಿಂತಿತು. ಸನಾದಿಯೂ ಅರ್ಧಕ್ಕೇ ನಿಂತಿತು.

"ಯಾರದಲೇ ಇದು ದಾರ್ಯಾಗ? ತಗೀರಿ!" ಎಂದು ದೊಡ್ಡ ರುಮಾಲಿನ ಒಬ್ಬ ಹಿರಿಯ ಕೂಗಿದ. ಅವನು ಮದುಮಗನ ಸೋದರಮಾವ.

ಅಪ್ಪ ಗಂಜಿಯ ಕೈಗಳನ್ನೇ ಜೋಡಿಸಿದ. "ಹಸೀದೈತ್ರೀ ಮಾವಾರ. ಈಗ ಬಿಚ್ಚಿದ್ರ ಎಳಿಗೆ ಎಳಿ ಅಂಟಿ ಗಂಟಾಗಿ ಹೋಗತೈತಿ. ಮದಿಮಗನ್ನ ಸ್ವಲ್ಪ ಇಳಿಸ್ರಿ, ಬಗ್ಗಿ ಬರಲಿ. ಕುದರೀನ ಸುತ್ತ ಹಾಕಿ ತರ್ರಿ."

"ಹಂದರಕ್ಕ ಹೋಗೂಮಟಾ ಮದಿಮಗ ಇಳಿಯಂಗಿಲ್ಲ! ಸುತ್ತ ಹಾಕಿದ್ರ ಮುಹೂರ್ತ ಮೀರತೈತಿ!"

"ಹಂಗಾರ ಕುದರೀಗೇ ಹೇಳ್ರಿ ಬಗ್ಗಾಕ," ಅಂದಳು ಅಕ್ಕ, ಹಾಸಿನ ಕೆಳಗಿನಿಂದ.

ಅವ್ವ ಅವಳ ತೋಳು ಚಿವುಟಿದಳು. ಮೊದಲು ನಕ್ಕವನು ಮದುಮಗ. ಅವನ ಬಾಸಿಂಗದ ಸರಗಳು ನಗುವಿಗೆ ಕುಣಿದವು. ಸೋದರಮಾವ ಮಾತ್ರ ನಗಲಿಲ್ಲ. ಯಾರದೋ ಕೈಯಲ್ಲಿದ್ದ ಕುಡುಗೋಲಿನ ಕಡೆ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಎಳೆ ಕಡಿದರೆ ಹಾಸು ಹೋಯಿತು. ಹಾಸು ಹೋದರೆ ಹೊಳೆ ಹೋಯಿತು.

ಅಪ್ಪ ನಮ್ಮ ಕಡೆ ತಿರುಗಿದ. "ರೈಲ ಮ್ಯಾಲ ಎತ್ತೂಣೇನ್ರಲೇ?"

ಅಷ್ಟೇ ಸಾಕಾಯಿತು. ಮನೆಮನೆಯಿಂದ ಬಿದಿರು ಕೋಲುಗಳು ಬಂದವು. ಮೂಲೆಯ ಮನೆಗಳ ಕಟ್ಟೆಗಳ ಮೇಲೆ ಮಕ್ಕಳು, ಹೆಂಗಸರು, ಹಲಗೆ ಬಾರಿಸುವವರು ಎಲ್ಲ ಹತ್ತಿ ಹಾಸಿನ ಅಡಿಗೆ ಕೋಲು ಕೊಟ್ಟರು. ನನಗೂ ಅವ್ವನಿಗೂ ತುದಿಯ ಗೂಟದ ಹಗ್ಗ. ಅಪ್ಪ ನನ್ನ ಮುಂದೆ ಕೂತು ಹೇಳಿದ: "ಭಾಳ ಬಿಟ್ಟಿ ಅಂದ್ರ ಹಾಸು ಮಣ್ಣಾಗ. ಬಿಡಲಿಲ್ಲ ಅಂದ್ರ ಎಳಿ ಹರೀತಾವ. ನಾ ಕೂ ಅಂದಾಗ ಒಂದ ಗೇಣ ಬಿಡು. ಮತ್ತ ಕೂ ಅಂದಾಗ ಮತ್ತೊಂದ ಗೇಣ."

"ಕೂ!" ಹಗ್ಗ ಅಂಗೈಯನ್ನು ಸುಡುತ್ತ ಸರಿಯಿತು. "ಕೂ!" ದೂರದಲ್ಲಿ ಹಾಸು ಹಸಿರು ಅಲೆಯಂತೆ ಮೇಲೆದ್ದಿತು. "ಕೂ!"

ಮದುಮಗ ಕುದುರೆಯ ಕುತ್ತಿಗೆ ತಬ್ಬಿ ಬೋರಲಾಗಿ ಮಲಗಿದ್ದ. ಎಳೆಗಳ ಕೆಳಗೆ ಹಾದುಹೋಗುವಾಗ ನನ್ನತ್ತ ನೋಡಿ ಕಣ್ಣು ಹೊಡೆದ. ಅದು ನನಗೆ ನಿಚ್ಚಳವಾಗಿ ನೆನಪಿದೆ. ಅಕ್ಕ ಹೇಳುತ್ತಾಳೆ, "ನೀ ಓಣಿ ತುದ್ಯಾಗಿದ್ದಿ, ಅವ್ವನ ಬೆನ್ನ ಹಿಂದ. ನಿನಗೇನ ಕಾಣಿಸ್ತಿತ್ತು, ಮಣ್ಣ?" ಇರಬಹುದು. ಆದರೂ ಅವನು ಕಣ್ಣು ಹೊಡೆದದ್ದನ್ನು ನಾನು ನೋಡಿದ್ದೇನೆ.

ಬಾಸಿಂಗದ ಒಂದು ಸರ ಹಸಿ ಎಳೆಗೆ ಅಂಟಿ ಅಲ್ಲೇ ಉಳಿಯಿತು. ಯಾರೋ ಖುಷಿಗೆ ಅಕ್ಷತೆ ಎರಚಿದ್ದರಿಂದ ಹಾಸಿನ ಮೇಲೆಲ್ಲ ಅರಿಶಿನದ ಚುಕ್ಕೆ. ಕೆಲವು ಎಳೆ ಹರಿದಿದ್ದವು. ಅಪ್ಪ ಬೆರಳಿಗೆ ಗಂಜಿ ಹಚ್ಚಿಕೊಂಡು ಒಂದೊಂದೇ ಎಳೆ ಹೊಸೆದು ಕೂಡಿಸುತ್ತ ಕೂತ. ಬಿಸಿಲು ಗೋಡೆ ಹತ್ತಿ ಹೋಯಿತು. ನಾನು ಕಟ್ಟೆಯ ಮೇಲೆ ಮೋರೆ ಊದಿಸಿಕೊಂಡು ಕೂತೆ. ಈ ಸಲ "ಒಣಗಿತೇನ" ಎಂದು ಕೇಳಲಿಲ್ಲ.

ಆಗ ಮದುವೆಯ ಮನೆಯಿಂದ ಆ ರುಮಾಲಿನ ಮಾವನೇ ಬಂದ, ಬುಂದೆಯ ಬುಟ್ಟಿ ಹೊತ್ತು. ಹಾಸಿನ ಹತ್ತಿರ ಬಂದವನು ಬುಟ್ಟಿಯನ್ನು ಕೆಳಗಿನಿಂದ ಈಚೆಗೆ ಸರಿಸಿ, ರುಮಾಲು ತೆಗೆದು ಕಂಕುಳಲ್ಲಿಟ್ಟು, ಸೊಂಟ ಹಿಡಿದುಕೊಂಡು ಕೆಳಗೆ ಬಗ್ಗಿ ಈಚೆ ಬಂದ. "ಆತೇನೋ ಹಾಸು?" ಅಂದ.

"ಆತ್ರೀ," ಅಂದ ಅಪ್ಪ. ಆಮೇಲೆ ನನ್ನ ಕಡೆ ನೋಡಿ, "ಏಳಲೇ, ಹೊಳಿ ಎಲ್ಲಿ ಓಡಿ ಹೋಗತೈತಿ?"

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ನಾನು ಆ ಬಿಳಿ ಕುದುರೆಯ ಮೇಲೆ ಕೂತು ಹೊಳೆಗೆ ಹೋದೆ. ಎರಡೂ ಕೈಯಲ್ಲಿ ಅದರ ಜೂಲು ಹಿಡಿದಿದ್ದೆ. ಬಾಯಲ್ಲಿ ಬುಂದೆ. ಕುದುರೆ ನನ್ನನ್ನು ಹೊತ್ತುಕೊಂಡೇ ನೀರಿಗಿಳಿಯಿತು, ಸಂಜೆಯ ನೀರು ಬೆಚ್ಚಗಿತ್ತು.

ಇದನ್ನೆಲ್ಲ ಕಳೆದ ಭಾನುವಾರ ಜಮಖಂಡಿಯ ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆ ಹೇಳುತ್ತಿದ್ದೆ. ಮೊಮ್ಮಗಳಿಗೆ ಸಂಶಯ ಬಂತು. "ಅಜ್ಜಾ, ಖರೇನ ಕುದರಿ ಹೊಳಿಗೆ ಬಂದಿತ್ತಾ?" ಎಂದವಳೇ ನನ್ನ ಅಕ್ಕನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು.

"ಯಾವ ಕುದರಿ ಬೇ?" ಅಂದಳು ಅಕ್ಕ. "ಅದು ತೇರದಾಳಕ್ಕ ಹೋತು. ನಿಮ್ಮಜ್ಜ ಅಪ್ಪನ ಹೆಗಲ ಮ್ಯಾಲ ಕುಂತಿದ್ದ. ಎರಡೂ ಕೈಲೆ ಅವನ ಕೂದಲಾ ಹಿಡಕೊಂಡು. ಗಂಜಿ ಮೆತ್ತಿ ಬೆಳ್ಳಗಾಗಿತ್ತು ಪಾಪ, ಅಪ್ಪನ ತಲಿ."

ಮೊಮ್ಮಕ್ಕಳು ನಗುತ್ತಿದ್ದರು. ಆಮೇಲೆ ನಾನೂ ನಕ್ಕೆ.

ಈಗ ಬನಹಟ್ಟಿಯ ಆ ಓಣಿಯಲ್ಲಿ ಯಾರೂ ಬಗ್ಗುವುದಿಲ್ಲ. ಹಾಸು ಉರುಳೆಗೆ ಸುತ್ತಿಕೊಂಡೇ ಬರುತ್ತದೆ, ಒಳಗೆ ವಿದ್ಯುತ್ ಮಗ್ಗ ದಡಬಡ ಅನ್ನುತ್ತದೆ, ಹೊರಗೆ ಆಟೋಗಳು ನೆಟ್ಟಗೆ ಹೋಗುತ್ತವೆ. ಅಪ್ಪನ ಬೆನ್ನು ಒಂದು ದಿನವೂ ನೋಯದೆ ಇರಲಿಲ್ಲ. ಆದ್ದರಿಂದ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನನ್ನ ಮಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ಮಕ್ಕಳ ಜೊತೆ ಏನು ಆಡಬಹುದು ಎಂದು ಶನಿವಾರವೇ ಫೋನಿನಲ್ಲಿ ಹುಡುಕುತ್ತಾನೆ. ಅಪ್ಪನಿಗೆ ಹುಡುಕಬೇಕಾಗಿರಲಿಲ್ಲ, ಇವನು ಹುಡುಕುತ್ತಾನೆ. ಇವನ ಹುಡುಕಾಟದಲ್ಲೂ ನನಗೆ ಆ "ಕೂ" ಕೇಳಿಸುತ್ತದೆ.

ಕಳೆದ ಭಾನುವಾರ ಅವನು ಪೇಟೆಯಿಂದ ಬರುವಷ್ಟರಲ್ಲಿ ಮೊಮ್ಮಕ್ಕಳು ಕಿಟಕಿಯ ಸರಳಿನಿಂದ ಕಪಾಟಿನ ಹಿಡಿಕೆಯವರೆಗೆ ನಮ್ಮ ಅವ್ವನ ಹಳೆಯ ಸೀರೆಯೊಂದನ್ನು ಬಿಗಿದು ಕಟ್ಟಿದ್ದರು. ಬಾಗಿಲಲ್ಲಿ ಹೆಲ್ಮೆಟ್ಟೂ ತೆಗೆಯದೆ, ಕಾಯಿಪಲ್ಲೆಯ ಚೀಲ ಹಿಡಿದು ಮಗ ನಿಂತ.

"ಪಪ್ಪಾ, ಹಾಸು ಹಸೀದೈತಿ! ಬಗ್ಗಿ ಬಾ!"

ಅವನು ನನ್ನನ್ನು ನೋಡಿದ. ಚೀಲ ಕೆಳಗಿಟ್ಟ. ಕೈ ಮೊಳಕಾಲು ಊರಿ, ಹೆಲ್ಮೆಟ್ಟಿನ ತಲೆಯನ್ನು ತಗ್ಗಿಸಿ ಸೀರೆಯ ಕೆಳಗೆ ನುಗ್ಗಿದ. ಮೊಮ್ಮಗ ಆ ಬೆನ್ನ ಮೇಲೆ ಹಾರಿ ಕೂತ. ನಾನು ಕುರ್ಚಿಯಿಂದಲೇ "ಕೂ" ಅಂದೆ.

ಮುಂದೆ ಎಂದಾದರೂ ಆ ಹುಡುಗ, ನಮ್ಮ ಮನೆಯಲ್ಲಿ ಹೆಲ್ಮೆಟ್ ಹಾಕಿಕೊಂಡ ಒಂದು ಕುದುರೆಯಿತ್ತು ಎಂದು ಹೇಳಿದರೆ, ದಯವಿಟ್ಟು ಯಾರೂ ಅವನನ್ನು ತಿದ್ದಬೇಡಿ.